ಪರಿಸರ ದಿನಕ್ಕೆ ಬಾಟ್ಲಿ ನವಿಲು: ಮಾಡೋದಾ, ಬಿಡೋದಾ?

ಉತ್ತರಹಳ್ಳಿ ಫ್ಲಾಟ್ ನಿವಾಸಿ

ಎಲ್ಲರಿಗೂ ನಮಸ್ಕಾರ. ಜೂನ್ 5ರ ಪರಿಸರ ದಿನಕ್ಕೆ ಏನಾದ್ರೂ ಮಾಡ್ಲೇಬೇಕು ಅಂತ ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನಲ್ಲಿ ತೀರ್ಮಾನ ಆಗಿದೆ. ಸಾಂಸ್ಕೃತಿಕ ಸಮಿತಿ ಅನ್ನೋದು ಈ ವರ್ಷ ನನ್ನ ತಲೆಗೆ ಬಂದಿದೆ. ಸದ್ಯಕ್ಕೆ ಓಡ್ತಿರೋ ಐಡಿಯಾ ಏನಂದ್ರೆ, ಗೇಟಿನ ಒಳಗೆ ಮಕ್ಕಳು ಆಡೋ ಜಾಗದ ಪಕ್ಕ ಖಾಲಿ ನೀರಿನ ಬಾಟ್ಲಿಗಳಲ್ಲಿ ಎಂಟಡಿ ನವಿಲು. ಬಾಟ್ಲಿ ತಳ ಕತ್ತರಿಸಿ ಹೂವಿನ ಹಾಗೆ ಅರಳಿಸಿ, ನೀಲಿ ಹಸಿರು ಸ್ಪ್ರೇ ಹೊಡೆದು, ಗ್ಲಿಟರ್ ಉದುರಿಸಿ, ಕಬ್ಬಿಣದ ಚೌಕಟ್ಟಿಗೆ ಗ್ಲೂ ಗನ್‌ನಲ್ಲಿ ಅಂಟಿಸೋದು. ಫೋಟೋ ಚೆನ್ನಾಗಿ ಬರುತ್ತೆ, ಅದರಲ್ಲಿ ಅನುಮಾನ ಇಲ್ಲ.

ಆದ್ರೆ ಅಷ್ಟೊಂದು ಬಾಟ್ಲಿ ನಮ್ಮಲ್ಲಿ ಸೇರಲ್ಲ. ಎಲ್ಲರ ಮನೆಯಲ್ಲೂ ಫಿಲ್ಟರ್ ಇದೆ, ಇಲ್ಲದವರು ಕ್ಯಾನ್ ತರಿಸ್ತಾರೆ. ಅದಕ್ಕೆ ಸಮಿತಿಯವರೊಬ್ಬರು, 'ಸಾಲದಿದ್ರೆ ಹೋಲ್‌ಸೇಲಲ್ಲಿ ಹೊಸ ಬಾಟ್ಲಿನೇ ತರ್ಸೋಣ, ನೀರನ್ನ ಗಿಡಕ್ಕೆ ಹಾಕಿದ್ರಾಯ್ತು' ಅಂದ್ರು. ತಮಾಷೆಗೆ ಅಂದ್ರು ಅಂತ ನಾನು ನಕ್ಕೆ. ಬೇರೆ ಯಾರೂ ನಗ್ಲಿಲ್ಲ.

ಇಲ್ಲಿ ಕಲೆ ಗೊತ್ತಿರೋರೂ ಇದ್ದೀರ, ಕಸದ ಕೆಲಸ ಗೊತ್ತಿರೋರೂ ಇದ್ದೀರ. ಎಸೆದ ವಸ್ತುವಿನಲ್ಲೇ ಏನಾದ್ರೂ ಮಾಡ್ಬೇಕು ಅನ್ನೋ ಆಸೆ ನನಗೂ ಇದೆ. ಏನು ಮಾಡಿದ್ರೆ ಅದಕ್ಕೊಂದು ಅರ್ಥ ಇರುತ್ತೆ? ದುಡ್ಡು ಕಮ್ಮಿ, ಮಕ್ಕಳು ಜಾಸ್ತಿ.

ಗುಜರಿ ಅಂಗಡಿ ಹುಡುಗ

ಸರ್, ಮೈಸೂರು ರೋಡ್ ಕಡೆ ನಮ್ಮಪ್ಪನ ಗುಜರಿ ಅಂಗಡಿ ಇದೆ. ನೇರವಾಗಿ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನೀರಿನ ಬಾಟ್ಲಿನ ನೀವು ಉದ್ಧಾರ ಮಾಡೋ ಅಗತ್ಯ ಇಲ್ಲ. ಅದಕ್ಕೆ ಆಗ್ಲೇ ಗಿರಾಕಿ ಇದ್ದಾರೆ. ರಸ್ತೇಲಿ ಬಿದ್ದಿರೋ ನೂರೆಂಟು ಪ್ಲಾಸ್ಟಿಕ್ಕಲ್ಲಿ ಚಿಂದಿ ಆಯೋರು ಮೊದಲು ಬಗ್ಗಿ ಎತ್ತೋದೇ ಅದನ್ನ. ತಳದಲ್ಲಿ ತ್ರಿಕೋನದೊಳಗೆ 1 ಅಂತ ಇರುತ್ತೆ ನೋಡಿ, ಅದು ಪೆಟ್ ಅನ್ನೋ ಜಾತಿ ಪ್ಲಾಸ್ಟಿಕ್ಕು. ನಮ್ಮಂಥ ಸಣ್ಣ ಅಂಗಡಿಯಿಂದ ದೊಡ್ಡ ಗೋಡೌನ್‌ಗೆ ಹೋಗುತ್ತೆ. ಅಲ್ಲಿ ಬಣ್ಣದ್ದು ಬೇರೆ, ಬಿಳೀದು ಬೇರೆ ಮಾಡಿ ಒತ್ತಿ ಬೇಲ್ ಕಟ್ತಾರೆ. ಫ್ಯಾಕ್ಟರೀಲಿ ಪುಡಿ ಮಾಡಿ ತೊಳೆದು ಕರಗಿಸಿ ಎಳೆ ತೆಗೀತಾರೆ. ದಿಂಬಿನೊಳಗೆ ತುಂಬೋ ಪಾಲಿಯೆಸ್ಟರ್ ಎಷ್ಟೋ ಸಲ ನೀವು ಕುಡಿದು ಬಿಸಾಕಿದ ಬಾಟ್ಲಿನೇ. ಮುಚ್ಚಳ ಬೇರೆ ಜಾತಿ ಪ್ಲಾಸ್ಟಿಕ್ಕು. ಪುಡೀನ ನೀರಿಗೆ ಹಾಕಿದ್ರೆ ಬಾಟ್ಲಿ ಚೂರು ಮುಳುಗುತ್ತೆ, ಮುಚ್ಚಳದ ಚೂರು ತೇಲುತ್ತೆ. ಬೇರೆ ಮಾಡೋದೂ ಹಂಗೇ.

ಅದೇ ಬಾಟ್ಲಿಗೆ ಬಣ್ಣ, ಗ್ಲಿಟರ್, ಅಂಟು ಎಲ್ಲಾ ಮೆತ್ತಿ ಒಂದು ವರ್ಷ ಬಿಸಿಲಲ್ಲಿ ನಿಲ್ಸಿ ಆಮೇಲೆ ತಂದ್ರೆ ನಾನು ತಗೊಳಲ್ಲ. ಯಾರೂ ತಗೊಳಲ್ಲ. ಮಾರಾಟ ಆಗ್ತಿದ್ದ ಮಾಲನ್ನ ಕೈಯಿಂದ ದುಡ್ಡು ಹಾಕಿ ಕಸ ಮಾಡ್ದಂಗಾಯ್ತು.

ನೀವು ಕೇಳ್ಬೇಕಾಗಿರೋದು ಗುಜರಿಯವನು ಏನನ್ನ ವಾಪಸ್ ಕಳಿಸ್ತಾನೆ ಅಂತ. ಚಿಪ್ಸ್ ಪ್ಯಾಕೆಟ್ಟು, ಶಾಂಪೂ ಸ್ಯಾಶೆ, ಥರ್ಮಾಕೋಲು, ಫ್ಲೆಕ್ಸು, ಒಡೆದ ಪಿಂಗಾಣಿ, ಟೈಲ್ಸ್ ಚೂರು, ಕನ್ನಡಿ, ಹಲ್ಲುಜ್ಜೋ ಬ್ರಷ್ಷು, ಖಾಲಿ ಪೆನ್ನು, ಹವಾಯಿ ಚಪ್ಪಲಿ, ರೆಕ್ಸಿನ್ ಬ್ಯಾಗು, ಕ್ಯಾಸೆಟ್ ಟೇಪು, ಹರಿದ ಬಟ್ಟೆ. ಇವುಗಳಿಂದ ಮಾಡಿ. ಒಪ್ಕೋತೀನಿ.

ಸುಮ್ನೆ ಕೇಳ್ತೀನಿ

ಮಾಡಿದ್ರೆ ಏನಾಗುತ್ತೆ? ಬೆಂಗಳೂರಿನ ಕಸ ದಿನಕ್ಕೆ ಸಾವಿರಾರು ಟನ್ನು. ಮಾವಳ್ಳಿಪುರದ ಗುಡ್ಡೆ 2012ರಲ್ಲಿ, ಮಂಡೂರಿನ ಗುಡ್ಡೆ 2014ರ ಕೊನೆಗೆ ನಿಂತಿದ್ದು ಅಲ್ಲಿನ ಜನ ಲಾರಿಗೆ ಅಡ್ಡ ನಿಂತಿದ್ದಕ್ಕೆ. ಯಾರೋ ನವಿಲು ಮಾಡಿದ್ದಕ್ಕಲ್ಲ. ಮನೇಲಿ ಹಸಿ ಕಸ, ಒಣ ಕಸ ಬೇರೆ ಮಾಡಿ ಅಂತ 2015ರ ಡಿಸೆಂಬರಲ್ಲಿ ಹೈಕೋರ್ಟೇ ಹೇಳ್ತು. ಎರಡು ಬುಟ್ಟಿ, ಒಂದು ಚೀಲ. ಅದನ್ನೇ ಇನ್ನೂ ಅರ್ಧ ಬೀದಿ ಮಾಡ್ತಿಲ್ಲ. ಕಲಾಕೃತಿ ಅಂದ್ರೆ ಸೆಲ್ಫಿ ಪಾಯಿಂಟು ಅಷ್ಟೇ.

ನಿವೃತ್ತ ಡ್ರಾಯಿಂಗ್ ಮೇಷ್ಟ್ರು

'ಸುಮ್ನೆ ಕೇಳ್ತೀನಿ' ಅವರೇ, ಸುಮ್ಮನೆ ಕೇಳಿದ್ದೀರಿ ಅಂದುಕೊಂಡೇ ಉತ್ತರ ಕೊಡುತ್ತೇನೆ. ಕಲೆಯಿಂದ ಕಸದ ತೂಕ ಇಳಿಯುವುದಿಲ್ಲ. ಆ ಲೆಕ್ಕಕ್ಕೆ ಇಳಿದರೆ ಕಲಾವಿದ ಸೋಲುತ್ತಾನೆ. ಎಂಟಡಿಯದಿರಲಿ, ಎಂಬತ್ತಡಿಯ ನವಿಲೂ ಒಂದು ವಾರ್ಡಿನ ಅರ್ಧ ದಿನದ ಕಸಕ್ಕೆ ಸಮವಲ್ಲ. ಆದರೆ ದಿನಾ ನೋಡಿಯೂ ನೋಡದೆ ದಾಟಿ ಹೋಗುವುದನ್ನು ಕಲೆ ನಿಲ್ಲಿಸಿ ತೋರಿಸುತ್ತದೆ. ನಮ್ಮೂರಿನದೇ ಉದಾಹರಣೆ ತೆಗೆದುಕೊಳ್ಳಿ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ತಂದಿಟ್ಟರು. ತಿಂಗಳುಗಟ್ಟಲೆ ಬಾಯಿ ತೆರೆದಿದ್ದ ಗುಂಡಿ ಆಮೇಲೆ ಮುಚ್ಚಿತು. 2019ರಲ್ಲಿ ಹೇರೋಹಳ್ಳಿ ಕಡೆಯ ಗುಂಡಿ ಬಿದ್ದ ರಸ್ತೆಯಲ್ಲಿ, ಚಂದ್ರನ ಮೇಲೆ ನಡೆದ ಹಾಗೆ ಗಗನಯಾತ್ರಿ ನಡೆದಾಡಿದ ಅವರದೇ ವಿಡಿಯೋ ಎಲ್ಲರೂ ನೋಡಿದ್ದೀರಿ. ಗುಂಡಿಯ ಬಗ್ಗೆ ಅರ್ಜಿಗಳು ಅದಕ್ಕೂ ಮುಂಚೆ ಇರಲಿಲ್ಲವೇ?

ಎಸೆದ ವಸ್ತುವಿನ ವಿಷಯಕ್ಕೆ ಬರೋಣ. ಚಂಡೀಗಢದ ರಾಕ್ ಗಾರ್ಡನ್ ಮಾಡಿದ ನೇಕ್ ಚಂದ್ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್ಸ್‌ಪೆಕ್ಟರ್. ಹೊಸ ಊರು ಕಟ್ಟಲು ಹಳೆಯ ಹಳ್ಳಿಗಳನ್ನು ಕೆಡವಿದ ಅವಶೇಷ, ಒಡೆದ ಬಳೆ, ಪಿಂಗಾಣಿ, ವಾಶ್ ಬೇಸಿನ್ ಚೂರುಗಳನ್ನು 1957ರಿಂದ ಕಾಡಿನ ಅಂಚಿಗೆ ಸಾಗಿಸಿ, ಯಾರಿಗೂ ಹೇಳದೆ ಮೂರ್ತಿಗಳನ್ನು ಮಾಡುತ್ತ ಹೋದರು. ಸಾರ್ವಜನಿಕರಿಗೆ ಅದು ತೆರೆದದ್ದು 1976ರಲ್ಲಿ. ಈಗ ಸುಮಾರು 40 ಎಕರೆ. ಗುಜರಿಯವರು ಬೇಡವೆಂದ ಪಿಂಗಾಣಿಯೇ ಅಲ್ಲಿ ರಾಜ ರಾಣಿಯರಾಗಿ ನಿಂತಿದೆ. ಘಾನಾ ದೇಶದಲ್ಲಿ ಹುಟ್ಟಿ ನೈಜೀರಿಯಾದಲ್ಲಿ ಕೆಲಸ ಮಾಡಿದ ಎಲ್ ಅನಾಟ್ಸುಯಿ ಹೆಂಡದ ಬಾಟಲಿಗಳ ಮುಚ್ಚಳವನ್ನು ಬಡಿದು ಚಪ್ಪಟೆ ಮಾಡಿ, ತಾಮ್ರದ ತಂತಿಯಿಂದ ಒಂದಕ್ಕೊಂದು ಹೆಣೆದು, ಗೋಡೆಯಷ್ಟು ದೊಡ್ಡ ಜರತಾರಿ ಬಟ್ಟೆಯಂಥದ್ದನ್ನು ಮಾಡುತ್ತಾರೆ. ಅಂಟಿಲ್ಲ. ಮಡಚಿ ಸಾಗಿಸಬಹುದು, ಪ್ರತಿ ಸಲ ಬೇರೆ ಮಡಿಕೆಯಲ್ಲಿ ತೂಗುಹಾಕಬಹುದು. 2015ರಲ್ಲಿ ಇಟಲಿಯ ವೆನಿಸ್ ಬಿನಾಲೆ ಎಂಬ ದೊಡ್ಡ ಕಲಾಪ್ರದರ್ಶನದಲ್ಲಿ ಅವರಿಗೆ ಜೀವಮಾನ ಸಾಧನೆಯ ಗೋಲ್ಡನ್ ಲಯನ್ ಬಂತು.

ಇಬ್ಬರೂ ವಸ್ತುವನ್ನು ಬಣ್ಣ ಬಳಿದು ಮುಚ್ಚಲಿಲ್ಲ. ಬಳೆ ಬಳೆಯಾಗಿಯೇ ಕಾಣುತ್ತದೆ, ಮುಚ್ಚಳದ ಮೇಲಿನ ಅಕ್ಷರ ಹತ್ತಿರ ಹೋದರೆ ಓದಲು ಬರುತ್ತದೆ. ನಿಮ್ಮ ನವಿಲಿನ ಮೇಲೆ ನನ್ನ ದೂರು ಅದೇ. ಪೂರ್ತಿ ನೀಲಿ ಬಣ್ಣ ಹೊಡೆದ ಮೇಲೆ ಅದು ಬಾಟಲಿಯಿಂದ ಆದದ್ದು ಎಂದು ತಿಳಿಯಲು ಪಕ್ಕದಲ್ಲೊಂದು ಬೋರ್ಡು ಬೇಕಾಗುತ್ತದೆ.

ಸುಮ್ನೆ ಕೇಳ್ತೀನಿ

ಮೊಸಳೆ ಕೇಸು ಒಪ್ಪಿದೆ. ಆದ್ರೆ ಅದು ಗುಂಡಿಯೊಳಗೇ ಕೂತಿತ್ತು ಮೇಷ್ಟ್ರೇ. ಇವರ ನವಿಲು ಗೇಟೆಡ್ ಕಮ್ಯುನಿಟಿ ಲಾನ್ ಮೇಲೆ ಕೂರುತ್ತೆ.

ಎರಡನೇ ಕ್ಲಾಸ್ ಅಮ್ಮ

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ, ಕ್ಷಮಿಸಿ. ಮಗಳ ಸ್ಕೂಲಲ್ಲಿ 'ಕಸದಿಂದ ರಸ' ಸ್ಪರ್ಧೆ. ರಾತ್ರಿ ಒಂಬತ್ತಕ್ಕೆ ವಾಟ್ಸಾಪಲ್ಲಿ ಮೆಸೇಜು, ನಾಳೆ ತರ್ಬೇಕು ಅಂತ. ಸ್ಟೇಷನರಿ ಅಂಗಡೀಲಿ ಐಸ್‌ಕ್ರೀಮ್ ಕಡ್ಡಿ ಹೊಸ ಕಟ್ಟು, ಬಣ್ಣದ ಥರ್ಮಾಕೋಲ್ ಉಂಡೆ, ಅಂಟಿಸೋ ಕಣ್ಣು ಎಲ್ಲಾ ಪ್ಯಾಕೆಟ್ ಪ್ಯಾಕೆಟ್ ಸಿಗುತ್ತೆ. ಹೋದ್ರೆ ಅಲ್ಲಿ ನಮ್ಮ ಕ್ಲಾಸಿನ ಅಮ್ಮಂದಿರೇ ಸಾಲಾಗಿ ನಿಂತಿದ್ರು. ಮೊದಲ ಬಹುಮಾನ ಬಂದಿದ್ದು ಒಂದೂ ಹಳೇ ಸಾಮಾನಿಲ್ಲದ ಗಾಳಿಯಂತ್ರಕ್ಕೆ.

ನಿವೃತ್ತ ಡ್ರಾಯಿಂಗ್ ಮೇಷ್ಟ್ರು

ಅಮ್ಮ, ಅದರಲ್ಲಿ ಅರ್ಧ ತಪ್ಪು ಮೇಷ್ಟ್ರುಗಳದು. ಮೊದಲೇ ರೂಪ ಹೇಳಿಬಿಡುತ್ತೇವೆ: ಗಾಳಿಯಂತ್ರ ಮಾಡಿ, ಪೆನ್ ಸ್ಟ್ಯಾಂಡ್ ಮಾಡಿ ಅಂತ. ಆಮೇಲೆ ಮಗು ಆ ರೂಪಕ್ಕೆ ಬೇಕಾದ ಸಾಮಾನು ಹುಡುಕುತ್ತದೆ, ಇಲ್ಲದಿದ್ದರೆ ಕೊಂಡುಕೊಳ್ಳುತ್ತದೆ. ಉಲ್ಟಾ ಮಾಡಬೇಕು. ಒಂದು ವಾರ ಮನೆಯ ಒಣ ಕಸದ ಚೀಲದಲ್ಲಿ ಏನು ಬಿತ್ತೋ ಅದನ್ನು ನೆಲದ ಮೇಲೆ ಹರಡಿ, ಅದು ಏನಾಗಬಲ್ಲದು ಅಂತ ಕೇಳಬೇಕು. ಮುರಿದ ಬಟ್ಟೆ ಕ್ಲಿಪ್ಪನ್ನು ಹಕ್ಕಿಯ ಕೊಕ್ಕಾಗಿ ನೋಡೋದು ಹೇಳಿಕೊಟ್ಟು ಬರುವುದಿಲ್ಲ. ಹರಡಿಕೊಂಡು ಕೂತರೆ ತಾನಾಗಿ ಬರುತ್ತದೆ.

ಇನ್ನೊಂದು: ಹಳೇ ಪೇಪರ್. ಗುಜರಿಗೆ ಹೋಗುತ್ತದೆ, ನಿಜ. ಆದರೆ ಒದ್ದೆಯಾಗಿ ಕೊಳಕಾದದ್ದು, ಚೂರುಚೂರಾದದ್ದು ಹೋಗುವುದಿಲ್ಲ. ನಮ್ಮ ಮನೆಗಳಲ್ಲಿ ಕಾಗದ ನೆನೆಹಾಕಿ ಕೊಳೆಸಿ, ಮೆಂತ್ಯದ ಜೊತೆ ಒರಳಲ್ಲಿ ರುಬ್ಬಿ, ಬೋರಲು ಹಾಕಿದ ಪಾತ್ರೆಯ ಮೇಲೆ ಮೆತ್ತಿ ಒಣಗಿಸಿ ಬುಟ್ಟಿ ಮಾಡುತ್ತಿದ್ದರಲ್ಲ, ಅದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ಮೆಂತ್ಯ ಅಂಟೂ ಹೌದು, ಹುಳ ಬಾರದ ಹಾಗೆ ಔಷಧಿಯೂ ಹೌದು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರದು ಇನ್ನೂ ಹಳೆಯ ವಿದ್ಯೆ. ಹಳೆಯ ಗೋಣಿನಾರನ್ನು ನೆನೆಸಿ, ಚೂರು ಮಾಡಿ, ಒಣಗಿಸಿ ಪುಡಿ ಮಾಡಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದರೆ 'ಕಿಟ್ಟ' ಆಗುತ್ತದೆ. ಮರದ ಗೊಂಬೆಯ ಕೈಕಾಲು ಜೋಡಿಸುವುದು ಅದರಿಂದಲೇ. ಗ್ಲೂ ಗನ್ ಬೇಕೇ ಬೇಕು ಅನ್ನುವವರು ಒಮ್ಮೆ ಕಿನ್ನಾಳದ ಗರುಡನನ್ನು ನೋಡಬೇಕು.

ಧಾರವಾಡದಾಕಿ

ನಮಸ್ಕಾರ್ರಿ. ನಾ ಧಾರವಾಡದಾಕಿ, ಈಗ ವಿಜಯನಗರದಾಗ ಮಗನ ಮನ್ಯಾಗ ಅದೀನಿ. ಚಂಡೀಗಢ ಆತು, ಆಫ್ರಿಕಾ ಆತು, ಕೌದಿ ಅಂತ ಒಬ್ಬರೂ ಬಾಯಿ ಬಿಡಲಿಲ್ಲಲ್ರಿ!

ಕೌದಿ ಅಂದ್ರ ಹರದ ಸೀರಿ, ಧೋತರ, ಅಂಗಿ, ಕುಬಸ, ಎಲ್ಲಾ ಕೂಡಿಸಿ ಹೊಲದ ಹೊದಿಕಿ. ಅಡಿಗೆ ಒಂದು ಹಳೇ ಸೀರಿ ಹಾಸಬೇಕು, ನಡುವ ತುಂಡು ಹರವಬೇಕು, ಮ್ಯಾಲ ಮತ್ತೊಂದು ಅರಿವಿ ಹಾಕಿ ದಪ್ಪ ದಾರದಾಗ ಸಾಲಾಗಿ ಹೊಲಕೋತ ಹೋಗಬೇಕು. ನಾಕು ಮಂದಿ ಹೆಣಮಕ್ಕಳು ನಾಕು ಮೂಲಿಗೆ ಕುಂತ್ರ ಸುದ್ದಿ ಮುಗಿಯೂದ್ರಾಗ ಕೌದಿ ಮುಗೀತಿತ್ತು. ಊರೂರು ತಿರುಗಿ ಹೊಲಕೊಡೋರೂ ಇದ್ರು, ಕಾಳು ಕಡಿ ತೊಗೊಂಡು ಹೋಗ್ತಿದ್ರು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಹೆಣಮಕ್ಕಳು ಹೊಲೀತಾರ, ಅದಕ್ಕ ಕವಂದಿ ಅಂತಾರ. ಅವರು ಅಂಚಿನಿಂದ ಚಾಲೂ ಮಾಡಿ ಸುತ್ತ ಹೊಲಕೋತ ನಡುವಕ್ಕ ಬರ್ತಾರ. ನಾಕೂ ಮೂಲಿಗೆ ಮುಕ್ಕೋನಿ ತುಂಡಿನ ಹೂ ಇಡತಾರ, ಅದಕ್ಕ ಫುಲಾ ಅಂತಾರ. ಅದಿಲ್ಲದ ಕವಂದಿ ಮುಗದಂಗಲ್ಲ ಅವರ ಲೆಕ್ಕದಾಗ. ಆ ಬಣ್ಣ ಹೊಂದಿಸೂದು ನೋಡಿದ್ರ ಯಾವ ಪೇಂಟರೂ ಕೈ ಮುಗೀಬೇಕು. ಈಗ ಅವು ವಿದೇಶದಾಗೂ ಪ್ರದರ್ಶನಕ್ಕ ಹೋಗ್ಯಾವ.

ನಿಮ್ಮ ಅಪಾರ್ಟ್‌ಮೆಂಟಿನಾಗ ಮನಿಗೆ ಒಂದು ತುಂಡು ಬೇಡ್ರಿ. ಬರೇ ಹಳೇ ಅರಿವಿ. ಮಗಳು ಮೊದಲ ದಿನ ಸಾಲಿಗೆ ಹಾಕ್ಕೊಂಡು ಹೋದ ಫ್ರಾಕ್, ಅಜ್ಜನ ಪಂಜೆ, ಬಣ್ಣ ಹೋದ ಪಡದೆ. ಹೊಲಿಯಾಕ ನಾ ಬರ್ತೀನಿ. ಬಾಗಲ ಕಡೆ ಗ್ವಾಡಿಗೆ ಒಂದು ತಿಂಗಳ ತೂಗುಹಾಕ್ರಿ, ಆಮ್ಯಾಲ ಥಂಡಿ ಬಂದಾಗ ರಾತ್ರಿ ಪಾಳಿ ವಾಚ್‌ಮನ್‌ಗ ಕೊಡ್ರಿ. ಒಗದ್ರ ಸ್ವಚ್ಛ ಆಗತದ. ಆ ನವಿಲನ್ನ ಯಾರು ಹೊತಗೋತಾರ್ರಿ?

ಎರಡನೇ ಕ್ಲಾಸ್ ಅಮ್ಮ

ಅಜ್ಜಿ, ನಮ್ಮ ಅಪಾರ್ಟ್‌ಮೆಂಟಿಗೂ ಬನ್ನಿ. ಪ್ಲೀಸ್.

ಗುಜರಿ ಅಂಗಡಿ ಹುಡುಗ

ಅಮ್ಮೋರೇ ಸೂಪರ್. ಬಟ್ಟೆ ನಿಜವಾದ ತಲೆನೋವು. ಬೊಮ್ಮನಹಳ್ಳಿ, ಪೀಣ್ಯ, ಮೈಸೂರು ರೋಡ್ ಕಡೆ ಗಾರ್ಮೆಂಟ್ಸ್‌ನಿಂದ ಬರೋ ಕಟಿಂಗ್ ಪೀಸಲ್ಲಿ ಕಾಟನ್ ಬನಿಯನ್ ಬಟ್ಟೆ ಮಾತ್ರ ಗ್ಯಾರೇಜಿಗೆ ಒರೆಸೋಕೆ ಹೋಗುತ್ತೆ. ಪಾಲಿಯೆಸ್ಟರ್ ಮಿಕ್ಸ್ ಆಗಿರೋದು ಒರೆಸೋಕೆ ಬರಲ್ಲ, ಯಾರಿಗೂ ಬೇಡ. ಮನೆಯಿಂದ ಬರೋ ಹರಿದ ಬಟ್ಟೆ ಒಣ ಕಸದ ಕೇಂದ್ರದಲ್ಲಿ ಮೂಟೆ ಮೂಟೆ ಬಿದ್ದಿರುತ್ತೆ. ಕೌದಿಗೆ ಆ ಮಿಕ್ಸ್ ಬಟ್ಟೆ ಆಗುತ್ತಾ?

ಧಾರವಾಡದಾಕಿ

ನಡುವ ತುಂಬಾಕ ಆಗತದ. ಮೈಗೆ ಹತ್ತೂ ಕಡೆ ಹತ್ತಿ ಅರಿವಿನ ಬೇಕು, ಇಲ್ಲಂದ್ರ ಬೆವರು ಹಿಡೀತದ. ಜಾರೂ ಅರಿವಿ ಹೊಲಿಯಾಕ ಕೈಗೆ ತ್ರಾಸ, ಸಣ್ಣ ಹುಡುಗರಿಗೆ ಕೊಡಬ್ಯಾಡ್ರಿ.

ಪೀಣ್ಯ ಲ್ಯಾಬ್

ಮಕ್ಕಳು ಇರೋದ್ರಿಂದ ಸುರಕ್ಷತೆ ಬಗ್ಗೆ ಹೇಳ್ತೀನಿ. ಉತ್ಸಾಹದಲ್ಲಿ ಇದನ್ನ ಎಲ್ಲರೂ ಮರೀತಾರೆ.

ಫ್ಲೆಕ್ಸ್ ಮತ್ತು ಪೈಪು ಪಿವಿಸಿ ಅನ್ನೋ ಪ್ಲಾಸ್ಟಿಕ್. ಅದನ್ನ ಕಾಯಿಸೋದು, ಸುಡೋದು, ಕಾದ ಕಬ್ಬಿಣದಲ್ಲಿ ತೂತು ಮಾಡೋದು ಬೇಡವೇ ಬೇಡ. ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತೆ, ಸುಟ್ಟರೆ ಡಯಾಕ್ಸಿನ್ ಅನ್ನೋ ವಿಷಗಳೂ ಬರುತ್ತವೆ. ಕತ್ತರಿಯಲ್ಲಿ ಕತ್ತರಿಸಿ, ದಾರದಲ್ಲಿ ಹೊಲಿಯಿರಿ, ತೊಂದರೆ ಇಲ್ಲ. ಥರ್ಮಾಕೋಲನ್ನ ಬಿಸಿ ತಂತಿಯಲ್ಲಿ ಕತ್ತರಿಸುವಾಗ ಬರೋ ಹೊಗೆಯಲ್ಲಿ ಸ್ಟೈರೀನ್ ಅನ್ನೋ ಹಾನಿಕರ ರಾಸಾಯನಿಕ ಇರುತ್ತೆ, ಮುಚ್ಚಿದ ರೂಮಲ್ಲಿ ಮಾಡಬಾರದು. ಹಾಲಿನ ಕವರ್‌ಗಳನ್ನ ಎರಡು ಕಾಗದದ ನಡುವೆ ಇಟ್ಟು ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿದ್ರೆ ಒಂದಕ್ಕೊಂದು ಬೆಸೆದು ಗಟ್ಟಿ ಹಾಳೆ ಆಗುತ್ತೆ. ಕಡಿಮೆ ಬಿಸಿ ಸಾಕು, ಕಿಟಕಿ ತೆರೆದಿರಲಿ, ದೊಡ್ಡವರೇ ಮಾಡಲಿ. ಆದ್ರೆ ಹಾಲಿನ ಕವರ್‌ಗೂ ಗುಜರಿಯಲ್ಲಿ ಬೆಲೆ ಇದೆ ಅಲ್ವಾ ತಮ್ಮಾ?

ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬ್‌ನಲ್ಲಿ ಪಾದರಸ. ಹಳೇ ದಪ್ಪ ಟಿವಿ ಗಾಜಿನಲ್ಲಿ ಸೀಸ. ಹಳೇ ಸರ್ಕ್ಯೂಟ್ ಬೋರ್ಡಿನ ಬೆಸುಗೆಯಲ್ಲೂ ಸೀಸ. ಸಿಮೆಂಟ್ ಶೀಟಿನ ಚೂರಿನಲ್ಲಿ ಕಲ್ನಾರು ಇರಬಹುದು. ಇವು ನೋಡೋಕೆ ಎಷ್ಟೇ ಚೆನ್ನಾಗಿದ್ರೂ ಮಕ್ಕಳ ಕೈಗೆ ಬೇಡ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಂದ ಬೋರ್ಡ್ ತಂದು ರೋಬೋಟ್ ಮಾಡೋದು ಈಗ ಫ್ಯಾಷನ್ನು. ಮಾಡೋರು ಕೈಗವಸು ಹಾಕಿ, ತಿನ್ನೋಕೆ ಮುಂಚೆ ಕೈ ತೊಳೀರಿ.

ಗ್ಲಿಟರ್ ಅಂದ್ರೆ ಬಹುಪಾಲು ಅಲ್ಯೂಮಿನಿಯಂ ಹಚ್ಚಿದ ಪ್ಲಾಸ್ಟಿಕ್ ಹಾಳೆಯ ಪುಡಿ. ಒಂದು ಮಳೆಗೆ ಚರಂಡಿ, ಚರಂಡಿಯಿಂದ ಕೆರೆ. ಪರಿಸರ ದಿನದಂದೇ ಅದನ್ನ ಉದುರಿಸ್ತೀರಾ?

ಕೊನೇದು, ಯಾರೂ ಹೇಳಿಲ್ಲ ಅಂತ ಆಶ್ಚರ್ಯ. ಜೂನಲ್ಲಿ ಮಳೆ. ತಳ ಕತ್ತರಿಸಿ ಅರಳಿಸಿದ ಬಾಟ್ಲಿ ಒಂದೊಂದೂ ಒಂದು ಬಟ್ಟಲು. ಡೆಂಗಿ ಹರಡೋ ಈಡಿಸ್ ಸೊಳ್ಳೆಗೆ ಒಂದು ಮುಚ್ಚಳ ನೀರು ಸಾಕು, ಮೊಟ್ಟೆಯಿಂದ ಸೊಳ್ಳೆ ಆಗೋಕೆ ಒಂದು ವಾರ ಹತ್ತು ದಿನ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ನೀರು ನಿಲ್ಲಿಸಿದವರಿಗೆ ದಂಡ ಇಟ್ಟಿದ್ದು ನೆನಪಿರಲಿ. ಮಕ್ಕಳು ಆಡೋ ಜಾಗದ ಪಕ್ಕ ಬೇರೆ!

ಉತ್ತರಹಳ್ಳಿ ಫ್ಲಾಟ್ ನಿವಾಸಿ

ಸೊಳ್ಳೆ ಮಾತನ್ನ ಗ್ರೂಪಲ್ಲಿ ಹಾಕಿದೆ. ಇಷ್ಟು ದಿನ ಪರಿಸರ, ಮರುಬಳಕೆ ಅಂತ ಬರೆದಿದ್ದಕ್ಕೆ ಬರೀ ಹೆಬ್ಬೆರಳು ಬರ್ತಿತ್ತು. ಡೆಂಗಿ ಅಂದ ತಕ್ಷಣ ಸೆಕ್ರೆಟರಿ ಫೋನೇ ಮಾಡಿದ್ರು. ಎಂಟಡಿ ನವಿಲು ರದ್ದು. ಆದ್ರೆ ನವಿಲು ಅಂತ ಮಕ್ಕಳಿಗೆ ಆಗ್ಲೇ ಹೇಳಾಗಿದೆ, ಅವು ಈಗ ಬಿಡ್ತಿಲ್ಲ.

ಗುಜರಿ ಅಂಗಡಿ ಹುಡುಗ

ಲ್ಯಾಬ್ ಸರ್, ಹೌದು, ತೊಳೆದು ಒಣಗಿಸಿದ ಹಾಲಿನ ಕವರ್‌ಗೆ ರೇಟಿದೆ. ಹಾಲಿನ ಜೊತೆ ಹುಳಿ ವಾಸನೆ ಹೊಡೆಯೋದಕ್ಕೆ ಇಲ್ಲ.

ಚಿತ್ರಕಲೆ ವಿದ್ಯಾರ್ಥಿನಿ

ಗುಜರಿ ಹುಡುಗ ಅವರ ಮಾತು ಸರಿ, ಆದ್ರೆ ನನಗೆ ಒಂದು ಕಡೆ ಚುಚ್ತಿದೆ. ಗುಜರಿಗೆ ಬೇಡವಾದದ್ದನ್ನ ಮಾತ್ರ ಕಲಾವಿದ ಮುಟ್ಟಬೇಕು ಅಂದ್ರೆ ಕಲೆ ಅನ್ನೋದು ಕಸ ವಿಲೇವಾರಿ ಇಲಾಖೆ ಆಯ್ತು. ಕಂಚು ಕರಗಿಸಿ ಮೂರ್ತಿ ಮಾಡೋರನ್ನ ಯಾರೂ ತಾಮ್ರ ಯಾಕೆ ಹಾಳು ಮಾಡ್ತೀರಿ ಅಂತ ಕೇಳಲ್ಲ. ದೆಹಲಿಯ ಸರಾಯ್ ಕಾಲೇ ಖಾನ್ ಹತ್ರ 2019ರಲ್ಲಿ ತೆರೆದ ಪಾರ್ಕಲ್ಲಿ ಸುಮಾರು 150 ಟನ್ ಗುಜರಿ ಕಬ್ಬಿಣದಲ್ಲಿ ತಾಜ್ ಮಹಲು, ಐಫೆಲ್ ಟವರು ಎಲ್ಲಾ ಮಾಡಿದ್ದಾರೆ. ಕಬ್ಬಿಣಕ್ಕೂ ಬೆಲೆ ಇತ್ತಲ್ಲ?

ಗುಜರಿ ಅಂಗಡಿ ಹುಡುಗ

ಕಬ್ಬಿಣ ನೂರು ವರ್ಷ ನಿಂತ್ರೂ ಕಬ್ಬಿಣನೇ ಮೇಡಂ. ತಾಜ್ ಮಹಲು ಬೋರಾದ್ರೆ ಬಿಚ್ಚಿ ತಗೊಂಡ್ಬನ್ನಿ, ಆವತ್ತಿನ ರೇಟಿಗೆ ತಗೋತೀನಿ. ಬಣ್ಣ ಹೊಡೆದಿದ್ರೂ ಕುಲುಮೇಲಿ ಸುಟ್ಟೋಗುತ್ತೆ. ಪ್ಲಾಸ್ಟಿಕ್ ಹಂಗಲ್ಲ. ನಾನು ಕಲೆ ಬೇಡ ಅಂತಿಲ್ಲ, ಬಿಚ್ಚೋಕಾಗೋ ಹಂಗೆ ಮಾಡಿ ಅಂತಿದ್ದೀನಿ.

ನಿವೃತ್ತ ಡ್ರಾಯಿಂಗ್ ಮೇಷ್ಟ್ರು

ಹುಡುಗನ ಮಾತಿನಲ್ಲಿ ಒಂದು ಒಳ್ಳೆಯ ಶಿಲ್ಪಶಾಸ್ತ್ರ ಇದೆ. ಅಂಟಿಸಬೇಡ, ಕಟ್ಟು, ಹೆಣೆ, ಪೋಣಿಸು, ಸುಮ್ಮನೆ ಜೋಡಿಸಿಡು. ಬ್ರೆಜಿಲ್‌ನ ಕಲಾವಿದ ವಿಕ್ ಮುನಿಜ್ ರಿಯೊ ಡಿ ಜನೈರೊ ಹತ್ತಿರದ ಜಾರ್ಡಿಮ್ ಗ್ರಮಾಚೊ ಎಂಬ ಭಾರೀ ಕಸದ ಗುಡ್ಡೆಗೆ ಹೋಗಿ ಮಾಡಿದ್ದು ಇದನ್ನೇ. ಅಲ್ಲಿ ಕಸ ಆಯುವವರ ಚಹರೆಗಳನ್ನು ದೊಡ್ಡ ಶೆಡ್ಡಿನ ನೆಲದ ಮೇಲೆ, ಅವರೇ ಆಯ್ದ ಮುಚ್ಚಳ, ಟೈರು, ಡಬ್ಬಗಳಿಂದ ಬರೆಸಿದರು. ಜೋಡಿಸಿದವರಲ್ಲಿ ಆಯುವವರೂ ಇದ್ದರು. ಮೇಲಿನಿಂದ ಫೋಟೋ ತೆಗೆದರು. ಕಲಾಕೃತಿ ಎಂದು ಉಳಿದದ್ದು ಆ ಫೋಟೋ. ಅದರ ಮಾರಾಟದ ಹಣ ಆಯುವವರ ಸಂಘಕ್ಕೆ ಹೋಯಿತು. ನಮಗೆ ಇದು ಹೊಸದೇನಲ್ಲ. ಬೆಳಿಗ್ಗೆ ಹಾಕಿದ ರಂಗೋಲಿ ಸಂಜೆಗೆ ಅಳಿಸಿಹೋದರೆ ಯಾರೂ ಅಳುವುದಿಲ್ಲ.

ನಿಮ್ಮ ನವಿಲು ಹೀಗೇಕೆ ಆಗಬಾರದು? ನೆಲದ ಮೇಲೆ, ಬಾಟಲಿ ಮುಚ್ಚಳಗಳ ರಂಗೋಲಿ. ನೀಲಿ, ಹಸಿರು, ಬಿಳಿ, ಕಿತ್ತಳೆ ಎಲ್ಲಾ ಕಂಪನಿಗಳೇ ಕೊಟ್ಟಿವೆ. ಒಂದು ಹನಿ ಬಣ್ಣ ಬೇಡ, ಒಂದು ಹನಿ ಅಂಟು ಬೇಡ.

ಚಿತ್ರಕಲೆ ವಿದ್ಯಾರ್ಥಿನಿ

ಸರ್, ಇದು ಚೆನ್ನಾಗಿದೆ. ನಾನು ಬಂದು ಸೀಮೆಸುಣ್ಣದಲ್ಲಿ ಸ್ಕೆಚ್ ಹಾಕಿಕೊಡ್ತೀನಿ. ಗರಿಯ ಕಣ್ಣಿಗೆ ಚಿಪ್ಸ್ ಪ್ಯಾಕೆಟ್ ಒಳಮೈ ಮಡಚಿ ಇಟ್ಟರೆ ಬೆಳ್ಳಿ ಹೊಳಪು ಬರುತ್ತೆ. ಪಕ್ಕದಲ್ಲಿ ಎರಡು ಚೀಲ ಇಡಿ, ಒಂದು ಗುಜರಿಯವರು ತಗೊಳ್ಳೋದು, ಒಂದು ತಗೊಳ್ಳದೇ ಇರೋದು. ನವಿಲು ಬಿಚ್ಚುವಾಗ ಮಕ್ಕಳೇ ವಿಂಗಡಿಸಲಿ. ನನಗೆ ಹಾಕೋದಕ್ಕಿಂತ ಆ ಬಿಚ್ಚೋ ಭಾಗನೇ ಮುಖ್ಯ ಅನ್ನಿಸ್ತಿದೆ.

ಸುಮ್ನೆ ಕೇಳ್ತೀನಿ

ತಗೊಳ್ಳದೇ ಇರೋ ಚೀಲ ಆಮೇಲೆ ಎಲ್ಲಿಗೆ ಹೋಗುತ್ತೆ?

ಗುಜರಿ ಅಂಗಡಿ ಹುಡುಗ

ಒಣ ಕಸದ ಕೇಂದ್ರಕ್ಕೆ. ಚಿಪ್ಸ್ ಪ್ಯಾಕೆಟ್ಟಲ್ಲಿ ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಪದರ ಪದರ ಅಂಟ್ಕೊಂಡಿರುತ್ತೆ, ಬಿಡಿಸೋಕೆ ಆಗಲ್ಲ. ಅಂಥದ್ದನ್ನ ಒಟ್ಟು ಮಾಡಿ ಸಿಮೆಂಟ್ ಫ್ಯಾಕ್ಟರಿ ಗೂಡಿಗೆ ಕಲ್ಲಿದ್ದಲ ಜೊತೆ ಉರಿಸೋಕೆ ಕಳಿಸ್ತಾರೆ. ಅದೇ ಅದರ ಕೊನೆ. ಅದನ್ನ ಮಕ್ಕಳಿಗೆ ಹೇಳಿ. ಎಲ್ಲಾ ಪ್ಲಾಸ್ಟಿಕ್ಕೂ ಮತ್ತೆ ಹುಟ್ಟಿ ಬರುತ್ತೆ ಅಂತ ಸ್ಕೂಲಲ್ಲಿ ಹೇಳ್ಕೊಟ್ಟಿರ್ತಾರೆ.

ಸುಮ್ನೆ ಕೇಳ್ತೀನಿ

ಇಷ್ಟು ನೇರವಾಗಿ ಹೇಳೋದಾದ್ರೆ ನಾನೂ ಬಂದು ನೋಡ್ತೀನಿ.

ಒಣ ಕಸ ಕೇಂದ್ರದ ಸ್ವಯಂಸೇವಕಿ

ಓದ್ತಾ ಬಂದೆ. ಒಂದು ಮಾತು ಸೇರಿಸಬೇಕು. ವಿಂಗಡಣೆ ಹೇಳಿಕೊಡೋಕೆ ಸಂಪನ್ಮೂಲ ವ್ಯಕ್ತಿ ಅಂತ ಯಾರನ್ನೋ ಕರೆಸಿ ಶಾಲು ಹೊದಿಸಬೇಡಿ. ನಿಮ್ಮ ವಾರ್ಡಿನ ಒಣ ಕಸ ಸಂಗ್ರಹಣಾ ಕೇಂದ್ರದಲ್ಲಿ ಕೆಲಸ ಮಾಡೋರನ್ನ ಕರೀರಿ, ಅರ್ಧ ದಿನದ ಕೂಲಿ ಹೋಗುತ್ತಲ್ಲ, ಅದಕ್ಕಿಂತ ಹೆಚ್ಚಿಗೆ ಕೊಡಿ. ಅವರಲ್ಲಿ ಬಹಳ ಜನ ಮೊದಲು ಬೀದಿಯಲ್ಲಿ ಚಿಂದಿ ಆಯ್ತಿದ್ದವರು. ಹಸಿರು ದಳದಂಥ ಸಂಸ್ಥೆಗಳ ಜೊತೆ ಸೇರಿ ಈಗ ಅವರೇ ಕೇಂದ್ರ ನಡೆಸ್ತಿರೋದು ನಮ್ಮ ಊರಲ್ಲಿ ಎಷ್ಟೋ ಕಡೆ ಇದೆ. ಬಿಬಿಎಂಪಿ ಇದ್ದಾಗ ಅವರಿಗೆ ಗುರುತಿನ ಚೀಟಿ ಕೊಟ್ಟಿದ್ದು ದೇಶದಲ್ಲೇ ಮೊದಲ ಸಾಲಿನ ಕೆಲಸ.

ಅವರ ಕೈ ನೋಡ್ಬೇಕು ನೀವು. ಕವರ್ ಎತ್ತಿ ಒಂದು ಸಲ ಕಿವಿ ಹತ್ರ ಹಿಚುಕ್ತಾರೆ. ಕರಕರ ಅಂದ್ರೆ ಒಂದು ಚೀಲ, ಮೆತ್ತಗೆ ಸರಸರ ಅಂದ್ರೆ ಇನ್ನೊಂದು. ನಂಬರ್ ಓದೋದೇ ಇಲ್ಲ. ಮಕ್ಕಳಿಗೆ ಇದು ಮ್ಯಾಜಿಕ್ ಶೋಗಿಂತ ಮಜಾ. ಊಟ ಹಾಕುವಾಗ ಜೊತೆಗೇ ಕೂರಿಸಿ. ಇದನ್ನ ಯಾಕೆ ಹೇಳ್ತಿದ್ದೀನಿ ಅಂತ ನಿಮಗೆ ಗೊತ್ತಾಗುತ್ತೆ.

ಉತ್ತರಹಳ್ಳಿ ಫ್ಲಾಟ್ ನಿವಾಸಿ

ಗೊತ್ತಾಯ್ತು ಮೇಡಂ. ಊಟ ಒಟ್ಟಿಗೇ. ಕೂಲಿ ವಿಷಯವನ್ನ ಬಜೆಟ್‌ನಲ್ಲಿ ಮೊದಲ ಸಾಲಲ್ಲೇ ಬರೆದಿದ್ದೀನಿ, ಸ್ಪ್ರೇ ಪೇಂಟಿಗೆ ಇಟ್ಟಿದ್ದ ದುಡ್ಡೇ ಅಲ್ಲಿಗೆ ಹೋಯ್ತು.

ಈವರೆಗೆ ಒಪ್ಪಿಗೆ ಆಗಿದ್ದು: ಬೇಸ್‌ಮೆಂಟ್ ಪಾರ್ಕಿಂಗಲ್ಲಿ ಮುಚ್ಚಳದ ನವಿಲು, ಮಳೆ ಬಂದ್ರೂ ಚಿಂತೆ ಇಲ್ಲ. ಕಾರು ತೆಗೆಯೋಕೆ ಎರಡು ಮನೆಯವರು ಇನ್ನೂ ಒಪ್ಪಿಲ್ಲ, ಅದು ನಮ್ಮ ಮಾಮೂಲಿ ಜಗಳ. ಕೌದಿಗೆ ಬಟ್ಟೆ ಡಬ್ಬ ಲಿಫ್ಟ್ ಹತ್ರ ಇಟ್ಟಿದ್ದೀವಿ. ಮೊದಲ ದಿನವೇ ಯಾರೋ ಟ್ಯಾಗ್ ಕೂಡ ಕೀಳದ ಹೊಸ ಕುರ್ತಾ ಹಾಕಿದ್ದಾರೆ. ಧಾರವಾಡದಮ್ಮ, ಅದನ್ನ ಕತ್ತರಿಸ್ಬೇಕಾ?

ಕಾಂಪೌಂಡ್ ಗೋಡೆಗೆ ಟೈಲ್ಸ್ ಚೂರು, ಒಡೆದ ಕಪ್ಪುಗಳನ್ನ ಸಿಮೆಂಟಲ್ಲಿ ಕೂರಿಸೋದು ಮಳೆಗಾಲ ಮುಗಿದ ಮೇಲೆ. ಮೇಷ್ಟ್ರು ನಕ್ಷೆ ಬರೆದುಕೊಡ್ತೀನಿ ಅಂದಿದ್ದಾರೆ.

ಉಳಿದಿರೋ ಒಂದೇ ಸಮಸ್ಯೆ ಮುಚ್ಚಳ. ಎಂಟಡಿ ನವಿಲಿಗೆ ಬಾಟ್ಲಿ ಸಾಲದವರಿಗೆ ಮುಚ್ಚಳ ಎಲ್ಲಿಂದ ಬರಬೇಕು?

ಧಾರವಾಡದಾಕಿ

ಹೊಸಾ ಕುರ್ತಾ ಕತ್ತರಿಸಿದ್ರ ನನ್ನ ಕೈ ನಡುಗತದ. ತೊಳದು ಯಾರಿಗರೆ ಉಡಾಕ ಕೊಡ್ರಿ. ಡಬ್ಬಿ ಮ್ಯಾಲ 'ಹರದದ್ದು ಮಾತ್ರ' ಅಂತ ದೊಡ್ಡ ಅಕ್ಷರದಾಗ ಬರೀರಿ.

ಗುಜರಿ ಅಂಗಡಿ ಹುಡುಗ

ಮುಚ್ಚಳ ನಮ್ಮ ಗೋಡೌನಲ್ಲಿದೆ ಸರ್, ಚೀಲಗಟ್ಟಲೆ. ಹೆಂಗಿದ್ರೂ ಲೋಡ್ ಆಗೋದು ಜೂನ್ ಎರಡನೇ ವಾರ. ನಾಲ್ಕನೇ ತಾರೀಖು ಟೆಂಪೋದಲ್ಲಿ ಕಳಿಸ್ತೀನಿ, ತೊಳೆದು ಕೊಡಲ್ಲ, ಅದು ನಿಮ್ಮ ಕೆಲಸ. ತೊಳೆದ ಮೇಲೆ ಬಟ್ಟೇಲಿ ಒರೆಸಿ ಒಣಗಿಸಿ, ಒದ್ದೆ ಇದ್ರೆ ತೂಕ ಏರುಪೇರು ಆಗುತ್ತೆ. ದುಡ್ಡೇನೂ ಬೇಡ. ತೂಕ ಹಾಕಿ ಕೊಡ್ತೀನಿ, ತೂಕ ಹಾಕಿ ವಾಪಸ್ ತಗೋತೀನಿ. ಕಮ್ಮಿ ಬಂದ್ರೆ ಬಾಕಿಯದು ಅವತ್ತಿನ ರೇಟು, ನಿಮ್ಮ ಸೆಕ್ರೆಟರಿಗೆ ಈಗ್ಲೇ ಹೇಳ್ಬಿಡಿ.

ಎರಡನೇ ಕ್ಲಾಸ್ ಅಮ್ಮ

ಮಕ್ಕಳು ಜೇಬಿಗೆ ಹಾಕ್ಕೊಂಡು ಹೋಗ್ತಾವೆ, ಕಮ್ಮಿ ಬಂದೇ ಬರುತ್ತೆ.

ಗುಜರಿ ಅಂಗಡಿ ಹುಡುಗ

ಅರ್ಧ ಕೇಜಿ ಮಾಫಿ.